ಭೂತಾನಿನ ಹೆರಿಗೆ ರಿಜಿಸ್ಟರು

ಗುರುವಾರ ಲಸಿಕೆಯ ದಿನ. ಒಂದೇ ಕೋಣೆಯಲ್ಲಿ ಹದಿನೈದು ಕೂಸುಗಳು ಅಳುತ್ತಿದ್ದರೆ ಯಾರು ಕರೆದರೂ ಕೇಳಿಸುವುದಿಲ್ಲ. ಮುಡಬಿಯ ನಮ್ಮ ಉಪಕೇಂದ್ರದ ಬಾಗಿಲಲ್ಲಿ ಪೋಸ್ಟಿನವನು ನಿಂತು ಲಕೋಟೆಯೊಂದನ್ನು ಎತ್ತಿ ಆಡಿಸುತ್ತಿದ್ದ. ಸಹಿ ಹಾಕಿ ಇಸಿದುಕೊಂಡು, ಲಸಿಕೆ ಡಬ್ಬಿಯ ಮೇಲಿಟ್ಟು, ಉಳಿದ ಮಕ್ಕಳಿಗೆ ಸೂಜಿ ಹಾಕಿ, ತಾಯಂದಿರಿಗೆ ಜ್ವರದ ಔಷಧ ಕೊಟ್ಟು ಕಳಿಸಿದೆ. ಆಮೇಲೆ ಒಡೆದು ಓದಿದೆ. ಕಚೇರಿಯ ನೋಟಿಸು. ಮತ್ತೊಮ್ಮೆ ಮೊದಲಿಂದ ಓದಿದೆ.

ಹನ್ನೊಂದು ವರ್ಷ ಗುತ್ತಿಗೆಯ ನರ್ಸಾಗಿ ದುಡಿದು ಎರಡು ವರ್ಷದ ಹಿಂದೆ ಕಾಯಂ ಹುದ್ದೆಗೆ ಬಂದಿದ್ದೆ. ಪ್ರೊಬೇಷನ್ ಮುಗಿಯಲು ದಾಖಲೆಗಳ ಪರಿಶೀಲನೆ ಒಂದೇ ಬಾಕಿ. ಅಷ್ಟರಲ್ಲಿ ಸಹಿಯಿಲ್ಲದ ದೂರೊಂದು ಮೇಲಿನವರಿಗೆ ಹೋಗಿತ್ತು. ಈಕೆ ಹುಟ್ಟಿದ್ದು ವಿದೇಶದಲ್ಲಿ. ಶಾಲೆಯ ದಾಖಲೆಯಲ್ಲಿ ಮುಡಬಿ ಎಂದು ಸುಳ್ಳು ಬರೆಸಿ, ಈ ಭಾಗದವರಿಗೆಂದೇ ಇರುವ ೩೭೧ (ಜೆ) ಪ್ರಮಾಣಪತ್ರವನ್ನೂ ಜಾತಿ ಪ್ರಮಾಣಪತ್ರವನ್ನೂ ಪಡೆದಿದ್ದಾಳೆ ಎಂದು ಅದರಲ್ಲಿ ಬರೆದಿತ್ತು. ಮೂವತ್ತು ದಿನದೊಳಗೆ ಮೂಲ ಜನನ ದಾಖಲೆ ತರಬೇಕು. ತರದಿದ್ದರೆ ನೇಮಕಾತಿ ರದ್ದು, ಅದರ ಮೇಲೆ ಕ್ರಿಮಿನಲ್ ಮೊಕದ್ದಮೆ.

ಬರೆದವರ ಬಾಯಿಗೆ ಹುಳ ಬೀಳಲಿ ಎಂದು ಶಪಿಸಿದೆ. ಆದರೆ ಬರೆದದ್ದರಲ್ಲಿ ಅರ್ಧ ನಿಜವಿತ್ತು. ನಾನು ಹುಟ್ಟಿದ್ದು ಭೂತಾನಿನಲ್ಲಿ. ಅಲ್ಲಿನ ಸೈನಿಕರಿಗೆ ತರಬೇತಿ ಕೊಡಲು ಹೋದ ನಮ್ಮ ಸೇನೆಯ ತುಕಡಿಯಲ್ಲಿ ಅಪ್ಪ ಹವಾಲ್ದಾರನಾಗಿದ್ದ. ನನಗೆ ನಾಲ್ಕು ತುಂಬಿದ ಮೇಲೆ ಊರಿಗೆ ಬಂದೆವು. ಹಿಮದಲ್ಲಿ ಕುಳಿತ ನನ್ನದೊಂದು ಫೋಟೊ ಇತ್ತು. ಅದನ್ನು ನರ್ಸಿಂಗ್ ತರಬೇತಿಯ ದಿನದಿಂದಲೂ ಕಂಡಕಂಡವರಿಗೆ ತೋರಿಸಿ ಮೆರೆದವಳು ನಾನೇ. ಶಾಲೆಗೆ ಸೇರಿಸುವಾಗ ಹೆಡ್ ಮಾಸ್ತರರು ಎಲ್ಲ ಮಕ್ಕಳಿಗೂ ಬರೆದಂತೆ ನನಗೂ ಜೂನ್ ಒಂದು, ಮುಡಬಿ ಎಂದು ಬರೆದಿದ್ದರು. ನಮ್ಮೂರ ಮಕ್ಕಳೆಲ್ಲ ಜೂನ್ ಒಂದಕ್ಕೇ ಹುಟ್ಟಿದವರು. ಅದನ್ನು ಸುಳ್ಳೆಂದು ಯಾರೂ ತಿಳಿದಿರಲಿಲ್ಲ. ಇಪ್ಪತ್ತೊಂದು ದಿನದೊಳಗೆ ಜನನ ಬರೆಸಿರಿ ಎಂದು ಮನೆಮನೆಗೆ ಹೋಗಿ ಬೈಯುವ ನನ್ನ ಬಳಿ ನನ್ನದೇ ಕಾಗದ ಇರಲಿಲ್ಲ.

ಮರುದಿನ ರಜೆ ಹಾಕಿ ಬಸವಕಲ್ಯಾಣದ ಕಚೇರಿಗೆ ಹೋದೆ. ಪರಿಶೀಲನೆ ನೋಡುವ ಶಿರಸ್ತೇದಾರರು ಮಾತು ಕಡಿಮೆಯ ಮನುಷ್ಯ. ನೋಟಿಸು ಓದಿ, ಕನ್ನಡಕ ತೆಗೆದು ಒರೆಸಿ, ಇಷ್ಟಕ್ಕೆ ಯಾಕೆ ಹೆದರುತ್ತೀರಿ ಎಂದರು. ಹೊರದೇಶದಲ್ಲಿ ಹುಟ್ಟಿದ್ದು ತಪ್ಪಲ್ಲ. ತಂದೆ ಈ ತಾಲ್ಲೂಕಿನವನಾದರೆ ೩೭೧ (ಜೆ) ನಿಲ್ಲುತ್ತದೆ, ತಂದೆಯ ಜಾತಿಯೇ ನಿಮ್ಮ ಜಾತಿ. ಶಾಲೆಯ ತಪ್ಪಿಗೆ ಒಂದು ವಿವರಣೆ ಬರೆದುಕೊಟ್ಟರೆ ಮುಗಿಯಿತು.

"ತಂದಿ ಹೆಸರಿರೋ ಹುಟ್ಟಿದ ಕಾಗದ ಒಂದು ತರ್ರಿ. ಅಷ್ಟ ಸಾಕು" ಎಂದರು.

ಇಷ್ಟೇನಾ ಎಂದು ನನಗೆ ನಗುವೇ ಬಂತು. ಕೋಟೆಯ ಮುಂದಿನ ಅಂಗಡಿಯಲ್ಲಿ ಮಿರ್ಚಿ ಕಟ್ಟಿಸಿಕೊಂಡು ಮನೆಗೆ ಹೋದೆ. ಅಪ್ಪ ತೀರಿಕೊಂಡು ಆರು ವರ್ಷ. ಅವನ ಮಿಲಿಟರಿ ಟ್ರಂಕು ಹಾಗೆಯೇ ಇತ್ತು. ಅವ್ವನಿಗೆ ವಿಷಯ ಹೇಳಿ ಟ್ರಂಕು ತೆಗೆಯಲು ಕರೆದರೆ ಆಕೆ ಒಲೆಯ ಮುಂದಿನಿಂದ ಏಳಲೇ ಇಲ್ಲ. ಕೆಲಸ ಹೋದರೆ ಹೋಗಲಿ, ಹಳೆಯದನ್ನು ಯಾಕೆ ಕೆದಕುತ್ತೀ ಎಂದಳು. ನನ್ನ ನೌಕರಿ ಕಾಯಂ ಆದ ದಿನ ಓಣಿಗೆಲ್ಲ ಸಕ್ಕರೆ ಹಂಚಿದವಳು ಹೀಗೆ ಹೇಳಿದಳಲ್ಲ ಎಂದು ನನಗೆ ಸಿಟ್ಟು ಬಂತು. ಟ್ರಂಕಿನಲ್ಲಿ ಅಪ್ಪನ ಡಿಸ್ಚಾರ್ಜ್ ಪುಸ್ತಕ ಸಿಕ್ಕಿತು. ಕುಟುಂಬದ ವಿವರವಿರುವ ಪುಟಗಳನ್ನು ಗೆದ್ದಲು ತಿಂದು ಜರಡಿ ಮಾಡಿತ್ತು.

ಹುಮನಾಬಾದಿನಲ್ಲಿ ಒಬ್ಬ ನಿವೃತ್ತ ಸುಬೇದಾರರಿದ್ದಾರೆ. ಸೈನ್ಯದಲ್ಲಿ ಗುಮಾಸ್ತರಾಗಿ ಇಡೀ ಆಯುಷ್ಯ ಕಳೆದವರು. ಈಗ ಹಿಟ್ಟಿನ ಗಿರಣಿಯ ಪಕ್ಕದ ಕೋಣೆಯಲ್ಲಿ ಕುಳಿತು ಮಾಜಿ ಸೈನಿಕರ ಮನೆಯವರಿಗೆ ಅರ್ಜಿ ಬರೆದುಕೊಡುತ್ತಾರೆ. ಅವರು ನನಗೆ ಸೇನೆಯ ಪದ್ಧತಿ ವಿವರಿಸಿದರು. ಸೈನಿಕನಿಗೆ ಮಗು ಹುಟ್ಟಿದರೆ ಆಸ್ಪತ್ರೆ ಒಂದು ಜನನ ವರದಿ ಕೊಡುತ್ತದೆ. ಅದನ್ನು ನೋಡಿ ತುಕಡಿಯ ಗುಮಾಸ್ತ 'ಭಾಗ ಎರಡರ ಆದೇಶ' ಹೊರಡಿಸುತ್ತಾನೆ. ಅದು ರೆಜಿಮೆಂಟಿನ ದಾಖಲೆ ಕಚೇರಿಗೆ ಹೋಗಿ ಸೈನಿಕನ ಹಾಳೆಯಲ್ಲಿ ಏರುತ್ತದೆ. ಒಮ್ಮೆ ಏರಿದರೆ ಅಳಿಯುವುದಿಲ್ಲ. ಅಪ್ಪನ ಸೈನಿಕ ಸಂಖ್ಯೆ ಬರೆದುಕೊಂಡು ನನ್ನ ಮುಂದೆಯೇ ದಾಖಲೆ ಕಚೇರಿಗೆ ಇ-ಮೇಲ್ ಕಳಿಸಿದರು.

ಒಂಬತ್ತನೇ ದಿನಕ್ಕೆ ಅವರ ಫೋನು. ಏನಿದೆ ಎಂದು ಹೇಳಲಿಲ್ಲ, ಬಾ ಎಂದರು. ಮುಡಬಿಯಿಂದ ಹೆದ್ದಾರಿಯವರೆಗೆ ಷೇರ್ ಆಟೊ, ಅಲ್ಲಿಂದ ಬಸ್ಸು. ದಾಖಲೆ ಕಚೇರಿಯ ಉತ್ತರ ಎರಡೇ ಸಾಲು. ಹೆಂಡತಿ, ಒಬ್ಬಳು. ಮಕ್ಕಳು, ಒಬ್ಬ ಮಗ. ಅದು ನನ್ನ ತಮ್ಮ. ಊರಿಗೆ ಬಂದ ಮೇಲೆ ಹುಟ್ಟಿದವನು, ಈಗ ಪುಣೆಯಲ್ಲಿ ಲಾರಿ ಗ್ಯಾರೇಜಿನಲ್ಲಿದ್ದಾನೆ. ಮಗಳು ಎಂಬ ಪದ ಆ ಕಾಗದದಲ್ಲಿ ಎಲ್ಲೂ ಇರಲಿಲ್ಲ. ನಾನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಸೈಕಲ್ ಮೇಲೆ ಕೂರಿಸಿಕೊಂಡು ಹೈಸ್ಕೂಲಿಗೆ ಬಿಡುತ್ತಿದ್ದ ಅಪ್ಪ, ನರ್ಸಿಂಗ್ ಸೀಟಿಗಾಗಿ ಬೀದರಿನಲ್ಲಿ ಮೂರು ದಿನ ಬಸ್‌ಸ್ಟ್ಯಾಂಡಿನಲ್ಲಿ ಮಲಗಿದ್ದ ಅಪ್ಪ, ತಮ್ಮನನ್ನು ಬರೆಸಿ ನನ್ನನ್ನು ಬಿಟ್ಟಿದ್ದ. ಸತ್ತವನ ಮೇಲೆ ಅಷ್ಟು ಕೋಪ ಬರಬಹುದೆಂದು ನನಗೆ ಗೊತ್ತಿರಲಿಲ್ಲ.

ಸುಬೇದಾರರು ಚಹಾ ತರಿಸಿದರು. ಹೆಸರು ಹಿಡಿದು ಹುಡುಕಿದರೆ ಇಲ್ಲ ಎಂದೇ ಬರುತ್ತದೆ, ಇನ್ನು ತಿಂಗಳು ಹಿಡಿದು ಹುಡುಕೋಣ ಎಂದರು. ಆಸ್ಪತ್ರೆಯ ಮುಗಿದ ರಿಜಿಸ್ಟರುಗಳು ಎಲ್ಲೋ ಒಂದು ಕಡೆ ಸೇರಿರುತ್ತವೆ. ಅವು ಹೆಸರಿನ ಮೇಲಲ್ಲ, ತಾರೀಖಿನ ಮೇಲೆ ಇರುತ್ತವೆ. ಆ ವರ್ಷ ಮೊದಲ ಹಿಮ ಬಿದ್ದ ವಾರದಲ್ಲಿ ನೀ ಹುಟ್ಟಿದಿ ಎಂದು ಅವ್ವ ಹೇಳುತ್ತಿದ್ದದ್ದು ನನಗೆ ನೆನಪಿತ್ತು. ಮೊದಲ ಹಿಮ ಬೀಳುವ ಎರಡು ತಿಂಗಳಲ್ಲಿ ಅಲ್ಲಿ ಹುಟ್ಟಿದ ಎಲ್ಲ ಮಕ್ಕಳ ಜನನ ವರದಿಯ ನಕಲು ಬೇಕೆಂದು ಅರ್ಜಿ ಹೋಯಿತು. ನೋಟಿಸಿನ ಗಡುವು ಹತ್ತಿರ ಬರುತ್ತಿತ್ತು. ಶಿರಸ್ತೇದಾರರಿಗೆ ಕೈಮುಗಿದು ಇನ್ನೂ ಇಪ್ಪತ್ತು ದಿನ ಬೇಡಿಕೊಂಡೆ. ಇದೇ ಕಡೇ ಸಲ ಎಂದು ಬರೆದು ಕೊಟ್ಟರು.

ಉತ್ತರ ಬಂತು. ಆ ಎರಡು ತಿಂಗಳಲ್ಲಿ ಮೂರು ಹೆರಿಗೆ. ಎರಡು ಗಂಡು, ಒಂದು ಹೆಣ್ಣು. ಹೆಣ್ಣು ಮಗುವಿನ ತಂದೆಯ ಜಾಗದಲ್ಲಿ ಅದೇ ತುಕಡಿಯ ಒಬ್ಬ ಮುಸಲ್ಮಾನ ಡ್ರೈವರನ ಹೆಸರು. ತಾಯಿಯ ಜಾಗದಲ್ಲಿ ಆತನ ಹೆಂಡತಿಯ ಹೆಸರು. ಕಾಯಂ ವಿಳಾಸ, ಹುಮನಾಬಾದ್.

ಸುಬೇದಾರರು ಕಾಗದವನ್ನು ಮಡಚಿ ನನ್ನ ಕೈಗೆ ಕೊಟ್ಟರು. ಬಸ್ಸಿನಲ್ಲಿ ಕುಳಿತು ಆ ಕಾಗದವನ್ನು ಬ್ಯಾಗಿನ ತಳಕ್ಕೆ ತುರುಕಿ, ಮೇಲೆ ಊಟದ ಡಬ್ಬಿ ಇಟ್ಟು, ಎರಡೂ ಕೈಯಿಂದ ಬ್ಯಾಗು ಒತ್ತಿಕೊಂಡೆ. ಪಕ್ಕದವಳಿಗೆ ಕಂಡುಬಿಟ್ಟರೆ ಎಂಬ ಹೆದರಿಕೆ. ಈ ಕಾಗದ ನಿಜವಾದರೆ ನನ್ನ ಜಾತಿ ಪ್ರಮಾಣಪತ್ರ ಸುಳ್ಳು, ನೌಕರಿ ಸುಳ್ಳು, ಕೋರ್ಟು ಕಟ್ಟೆ ಹತ್ತಬೇಕು. ಊರಿನವರ ಬಾಯಿಗೆ ಬಿದ್ದರೆ ಅವ್ವನ ಬಗ್ಗೆ ಏನೇನು ಆಡುತ್ತಾರೆ ಎಂಬುದು ಬೇರೆ. ಅದೆಲ್ಲದರ ಕೆಳಗೆ ಇನ್ನೊಂದು ಹೆದರಿಕೆ ಇತ್ತು. ನಾನು ಅವ್ವನ ಮಗಳಲ್ಲವೇನೋ. ಅದನ್ನು ಆಕೆಗೆ ಕೇಳುವ ಧೈರ್ಯ ನನಗೆ ಎಂಟು ದಿನ ಬರಲಿಲ್ಲ. ರೊಟ್ಟಿ ಬಡಿಯುವ ಆಕೆಯ ಕೈ ನೋಡುವುದು, ನನ್ನ ಕೈ ನೋಡಿಕೊಳ್ಳುವುದು, ಇದೇ ಕೆಲಸವಾಯಿತು.

ಆ ಎಂಟು ದಿನದಲ್ಲಿ ಒಂದು ಕೆಟ್ಟ ಕೆಲಸಕ್ಕೆ ಕೈ ಹಾಕಿದೆ, ಅದನ್ನೂ ಹೇಳಿಬಿಡುತ್ತೇನೆ. ಕಚೇರಿಯ ಹೊರಗೆ ಬೇವಿನ ಮರದ ಕೆಳಗೆ ಕೂರುವ ಬಾಂಡ್ ರೈಟರ್ ಒಬ್ಬನಿಗೆ, ಬೇರೆ ಯಾರದೋ ವಿಷಯ ಎಂಬಂತೆ ಕೇಳಿದೆ. ಅವನು ಮುಖ ನೋಡಿಯೇ ತಿಳಿದುಕೊಂಡ. ಭೂತಾನ್ ಗೀತಾನ್ ಮರೆತುಬಿಡಿ, ಮುಡಬಿಯಲ್ಲೇ ಮನೆಯಲ್ಲಿ ಹುಟ್ಟಿದ್ದು ಎಂದು ತಡವಾದ ನೋಂದಣಿ ಮಾಡಿಸೋಣ, ಹೆರಿಗೆ ಮಾಡಿಸಿದ ಸೂಲಗಿತ್ತಿಯ ಹೇಳಿಕೆ ಒಂದಿದ್ದರೆ ಕೋರ್ಟಿನಿಂದ ಆದೇಶ ಬರುತ್ತದೆ ಎಂದ. ಸೂಲಗಿತ್ತಿಯ ಹೇಳಿಕೆಯನ್ನು ಟೈಪ್ ಮಾಡಿಯೇ ಕೊಟ್ಟ. ಹೆಸರಿನ ಜಾಗ ಖಾಲಿ.

ನಮ್ಮ ಭಾಗದ ಸೂಲಗಿತ್ತಿಯರೆಲ್ಲ ನನಗೆ ಗೊತ್ತು. ಅವರಿಗೆ ಬ್ಲೇಡು ಕುದಿಸುವುದನ್ನು ಕಲಿಸಿದವಳು, ಮನೆಯಲ್ಲಿ ಹೆರಿಗೆ ಮಾಡಿಸಿದರೆ ಜಗಳ ಕಾಯುವವಳು ನಾನೇ. ಎಲ್ಲರಿಗಿಂತ ಹಿರಿಯಳ ಮನೆಗೆ ಹೋದೆ. ಮುದುಕಿ ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತಿದ್ದಳು. ಕಾಗದದಲ್ಲಿ ಏನಿದೆ ಎಂದು ನಾನು ಹೇಳಲು ಬಾಯಿ ತೆರೆಯುವ ಮೊದಲೇ ಸೆರಗಿಗೆ ಕೈ ಒರೆಸಿ ಹೆಬ್ಬೆರಳು ಮುಂದೆ ಚಾಚಿದಳು.

"ಎಲ್ಲಿ ಒತ್ತಲಿ ತೋರ್ಸವ್ವ. ನೀ ತಂದೀದಿ ಅಂದ್ರ ಛಲೋ ಕಾಗದ್ನೇ ಇರ್ತದ."

ಆ ಬೆರಳನ್ನು ನೋಡಿ ನನಗೆ ನೋಟಿಸು ಬಂದ ದಿನಕ್ಕಿಂತ ಹೆಚ್ಚು ಭಯವಾಯಿತು. ನಾಳೆ ಸಿಕ್ಕಿಬಿದ್ದರೆ ಜೈಲಿಗೆ ಹೋಗುವವಳು ನಾನೊಬ್ಬಳೇ ಅಲ್ಲ, ಈಕೆಯೂ ಹೌದು. ಯಾಕೆ ಎಂದು ಈಕೆಗೆ ತಿಳಿಯುವುದೂ ಇಲ್ಲ. ಬಿ.ಪಿ. ನೋಡಲು ಬಂದಿದ್ದೆ ಎಂದು ಸುಳ್ಳು ಹೇಳಿ, ನಿಜವಾಗಿಯೂ ಬಿ.ಪಿ. ನೋಡಿ, ಕಾಗದವನ್ನು ಮಡಚಿ ಇಟ್ಟುಕೊಂಡು ಎದ್ದೆ. ಮನೆಗೆ ಬಂದು ಅದನ್ನು ಒಲೆಗೆ ಹಾಕಿದೆ. ಅವ್ವ ಅಲ್ಲೇ ಕುಳಿತಿದ್ದಳು. ಬ್ಯಾಗಿನ ತಳದಿಂದ ಭೂತಾನಿನ ಕಾಗದ ತೆಗೆದು ಆಕೆಯ ಮುಂದೆ ಹಿಡಿದು, ಆ ಡ್ರೈವರನ ಹೆಸರನ್ನು ಓದಿ ಹೇಳಿದೆ. ನಾನು ಯಾರ ಮಗಳು ಎಂದು ಕೇಳಿದೆ.

ಅವ್ವ ಹಂಚನ್ನು ಒಲೆಯಿಂದ ಕೆಳಗಿಳಿಸಿದಳು. ಆಮೇಲೆ ಹೇಳಿದಳು.

ನನಗಿಂತ ಮೊದಲು ಆಕೆಗೆ ಎರಡು ಕೂಸುಗಳು ಹೋಗಿದ್ದವು. ನಮ್ಮ ಕಡೆ ಹೀಗೆ ಸಾಲಾಗಿ ಕೂಸು ಸತ್ತರೆ, ಮುಂದಿನದನ್ನು ಹುಟ್ಟಿದ ಕೂಡಲೇ ಮೊರದಲ್ಲಿ ಹಾಕಿ ಬೇರೆ ಮನೆತನದ ಹೆಂಗಸಿಗೆ, ಹೆಚ್ಚಾಗಿ ಮುಸಲ್ಮಾನ ಹೆಂಗಸಿಗೆ, ಒಂದು ಹಿಡಿ ಕಾಳಿಗೆ ಮಾರುತ್ತಾರೆ. ಅಲ್ಲಿಂದ ಅದು ಕೊಂಡವಳ ಮಗು. ಹಾಲು ಕುಡಿಸುವುದು ಹೆತ್ತವಳೇ, ಆದರೆ ನನ್ನದು ಎಂದು ಅನ್ನಬಾರದು. ಯಾರದು ಎಂದು ಯಾರು ಕೇಳಿದರೂ ಕೊಂಡವಳು ನಂದು ಅನ್ನಬೇಕು. ಈ ತಾಯಿಯ ಮಗು ಎಲ್ಲಿ ಎಂದು ಸಾವು ಹುಡುಕಿಕೊಂಡು ಬಂದರೆ ಆ ತಾಯಿಗೆ ಮಗುವೇ ಇಲ್ಲ ಎಂದು ತಿರುಗಿ ಹೋಗಲಿ ಎಂಬ ಲೆಕ್ಕ. ಜಾವಳ ತೆಗೆಸುವ ದಿನ ಕಾಳು ಕೊಟ್ಟು ವಾಪಸು ಕೊಳ್ಳುತ್ತಾರೆ. ಈ ಭಾಗದ ಮನೆಗಳಲ್ಲಿ ಫಕೀರಪ್ಪ, ಹುಸೇನವ್ವ ಎಂಬ ಹೆಸರುಗಳು ಹೀಗೆಯೇ ಬಂದವು. ನಾನೇ ಎಷ್ಟೋ ಬಾಣಂತಿಯರನ್ನು ಇದಕ್ಕೆ ಬೈದಿದ್ದೇನೆ.

ಅಪ್ಪ ಬೌದ್ಧ. ದೀಕ್ಷೆ ತೆಗೆದುಕೊಂಡ ಮೇಲೆ ಬಾಗಿಲಿಗೆ ಒಂದು ನಿಂಬೆಹಣ್ಣು ಕಟ್ಟಲೂ ಬಿಟ್ಟವನಲ್ಲ. ಹಾಗಾಗಿ ಅವನು ದೂರದ ಠಾಣೆಗೆ ಹೋಗಿದ್ದ ದಿನಗಳಲ್ಲಿ ಈ ಕೆಲಸ ಕದ್ದು ನಡೆಯಿತು. ಪಕ್ಕದ ಮನೆಯಲ್ಲಿದ್ದವಳು ಹುಮನಾಬಾದಿನ ಡ್ರೈವರನ ಹೆಂಡತಿ. ಆ ಬೆಟ್ಟದಲ್ಲಿ ನಮ್ಮ ಮಾತು ಬಲ್ಲವಳು ಆಕೆ ಒಬ್ಬಳೇ. ಮೊರ ಸಿಗಲಿಲ್ಲ, ಬಿದಿರಿನ ತಟ್ಟೆಯಲ್ಲಿ ನನ್ನನ್ನು ಹಾಕಿದರು. ಜೋಳ ಸಿಗಲಿಲ್ಲ, ಅಕ್ಕಿಗೆ ಮಾರಿದರು. ಮೂರನೇ ದಿನ ವಾರ್ಡಿಗೆ ಒಬ್ಬ ಸಿಸ್ಟರ್ ಬಂದು, ಮಗು ಯಾರದು ಎಂದು ಹಿಂದಿಯಲ್ಲಿ ಕೇಳಿದಳು. ನಾನು ಕೊಂಡವಳ ತೊಡೆಯ ಮೇಲಿದ್ದೆ. ನಂದು ಎಂದಳು ಆಕೆ. ಗಂಡನ ಹೆಸರು ಕೇಳಿದರೆ ತನ್ನ ಗಂಡನ ಹೆಸರು ಹೇಳಿದಳು. ಸಿಸ್ಟರ್ ಬರೆದುಕೊಂಡು ಹೋದಳು. ಹಾಸಿಗೆಯಲ್ಲಿದ್ದ ಅವ್ವನಿಗೆ ಎಲ್ಲ ಕೇಳಿಸಿತ್ತು. ಬಾಯಿ ಬಿಟ್ಟರೆ ಮಗು ಉಳಿಯುವುದಿಲ್ಲ ಎಂದು ಸುಮ್ಮನಿದ್ದಳು.

ಅಪ್ಪನಿಗೆ ತಿಳಿದದ್ದು ತಿಂಗಳಾದ ಮೇಲೆ, ಭಾಗ ಎರಡರ ಆದೇಶಕ್ಕೆಂದು ಗುಮಾಸ್ತನ ಬಳಿ ಹೋದಾಗ. ತಿದ್ದಿಸಲು ಹೋದರೆ ಸುಳ್ಳು ಹೇಳಿಕೆ ಕೊಟ್ಟಿದ್ದಕ್ಕೆ ಇಬ್ಬರು ಗಂಡಸರೂ ಕಮಾಂಡಿಂಗ್ ಆಫೀಸರ್ ಮುಂದೆ ನಿಲ್ಲಬೇಕು, ತೋಳಿನ ದರ್ಜೆಯ ಪಟ್ಟಿ ಹೋಗುತ್ತದೆ, ನೌಕರಿಯೂ ಹೋಗಬಹುದು. ಇಬ್ಬರೂ ಹೆದರಿ ಬಾಯಿ ಮುಚ್ಚಿಕೊಂಡರು. ಅಪ್ಪ ಮನೆ ಬದಲಿಸಿದ, ಆ ಹೆಂಗಸಿನ ಮುಖ ನೋಡಬಾರದು ಎಂದು ಅವ್ವನಿಗೆ ಆಣೆ ಹಾಕಿದ. ಜಾವಳವಾಗಲಿಲ್ಲ. ವಾಪಸು ಕೊಳ್ಳಲೂ ಇಲ್ಲ.

"ನಾವು ಸುಳ್ಳ ಹೇಳಿದ್ದು ಸಾವಿಗಿ. ಸರ್ಕಾರಕ್ಕಲ್ಲ" ಎಂದಳು ಅವ್ವ. "ನಮಗೇನು ಗೊತ್ತು, ಇಬ್ಬರದೂ ಒಂದ ರಿಜಿಸ್ಟರ್ ಅಂತ."

ನಾನು ಅತ್ತೆ. ಅಳು ನಿಂತ ಮೇಲೆ ನನ್ನೊಳಗಿನ ನರ್ಸು ಎದ್ದು ಕುಳಿತಳು. ಜನನ ವರದಿ ಬರೆದದ್ದು ಮೂರನೇ ದಿನ, ವಾರ್ಡಿನಲ್ಲಿ, ಮಗು ಹಿಡಿದವಳನ್ನು ಕೇಳಿ. ಅದು ನಾವೂ ಮಾಡುವ ಪದ್ಧತಿಯೇ. ಆದರೆ ಅದಕ್ಕಿಂತ ಮೊದಲು ಇನ್ನೊಂದು ಬರಹ ಇರಲೇಬೇಕು. ಹೆರಿಗೆ ಕೋಣೆಯಲ್ಲಿ ಒಂದು ಬೇರೆ ರಿಜಿಸ್ಟರು ಇರುತ್ತದೆ. ನೋವು ತಿನ್ನುವವಳು ಮೇಜಿನ ಮೇಲೆ ಮಲಗಿದ್ದಾಗಲೇ ಅದರಲ್ಲಿ ಹೆಸರು, ಗಂಡನ ಹೆಸರು, ಎಷ್ಟನೇ ಹೆರಿಗೆ, ಕೂಸಿನ ಹಿಂದೆ ಕಸ ಬಿದ್ದ ಸಮಯ, ಕೂಸಿನ ತೂಕ ಬರೆಯುತ್ತಾರೆ. ಅಲ್ಲಿ ಮಾರಿದವಳು, ಕೊಂಡವಳು ಎಂಬುದಿಲ್ಲ, ಹೆತ್ತವಳೊಬ್ಬಳೇ ಇರುತ್ತಾಳೆ. ಅವ್ವನನ್ನು ಕೇಳಿದೆ, ಮೇಜಿನ ಮೇಲೆ ಯಾರಾದರೂ ಹೆಸರು ಕೇಳಿದರಾ ಎಂದು. ಒಬ್ಬ ಸಿಸ್ಟರ್ ಕೇಳಿದಳು, ನೋವಿನಲ್ಲಿ ಎರಡು ಸಲ ಹೇಳಿಸಿದಳು ಎಂದಳು.

ಸುಬೇದಾರರಿಗೆ ಫೋನು ಮಾಡಿ, ಜನನ ವರದಿಯಲ್ಲ, ಲೇಬರ್ ರೂಮ್ ರಿಜಿಸ್ಟರಿನ ಆ ವಾರದ ಪುಟ ಬೇಕು ಎಂದೆ. ಅಂಥದ್ದೊಂದು ಇರುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ. ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದೆ, ಹೆರಿಗೆ ಕೋಣೆಯೊಳಗೆ ಹೋಗಿಲ್ಲ ನೋಡು ಎಂದು ನಕ್ಕರು. ಅರ್ಜಿ ಅವತ್ತೇ ಹೋಯಿತು. ಹಳೆಯ ರಿಜಿಸ್ಟರುಗಳನ್ನು ಕೆಲ ವರ್ಷಗಳ ಮೇಲೆ ಸುಟ್ಟುಬಿಡುವುದೂ ಉಂಟು ಎಂದು ಕೊನೆಗೆ ಸೇರಿಸಿದರು. ಆ ಮಾತು ಹೇಳದಿದ್ದರೆ ಅವರ ಗಂಟೇನು ಹೋಗುತ್ತಿತ್ತು.

ಗಡುವಿಗೆ ಐದು ದಿನ ಉಳಿದಾಗ ಪುಟ ಬಂತು. ಅಂಚು ನೀರು ಕುಡಿದು ಕಂದಾಗಿತ್ತು. ಎರಡನೇ ಸಾಲಿನಲ್ಲಿ ಅವ್ವನ ಹೆಸರು, ಹವಾಲ್ದಾರನ ಹೆಂಡತಿ, ಮೂರನೇ ಹೆರಿಗೆ, ಹೆಣ್ಣು, ಎರಡು ಕಿಲೊ ಮುನ್ನೂರು ಗ್ರಾಂ. ಆ ಪುಟದಲ್ಲಿ ಡ್ರೈವರನ ಹೆಂಡತಿಯ ಹೆಸರು ಇರಲೇ ಇಲ್ಲ. ನಾನು ಆ ಸಾಲಿನ ಮೇಲೆ ಬೆರಳಿಟ್ಟು ಕುಳಿತೆ. ಎರಡು ಕಾಗದ ಈಗ ನನ್ನ ಬಳಿ ಇದ್ದವು. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಿಡಬಹುದಿತ್ತು. ಆದರೆ ದೂರು ಬರೆದವರು ನಾಳೆ ಜನನ ವರದಿಯನ್ನೂ ತರಿಸಿದರೆ? ಆ ಹೆದರಿಕೆ ಹೊತ್ತು ಇನ್ನು ಇಪ್ಪತ್ತು ವರ್ಷ ನೌಕರಿ ಮಾಡುವುದು ನನ್ನಿಂದ ಆಗದು. ಎರಡನ್ನೂ ಒಯ್ದು ಶಿರಸ್ತೇದಾರರ ಮುಂದಿಟ್ಟೆ.

ಅವರು ಎರಡೂ ಓದಿ ಕುರ್ಚಿಗೆ ಒರಗಿದರು. ಇದು ಬೇಡದ ತೊಡಕು, ಯಾಕೆ ತಂದಿರಿ ಎಂಬಂತೆ ನೋಡಿದರು. ಆಮೇಲೆ, ಎರಡು ಸರ್ಕಾರಿ ಕಾಗದ ಎರಡು ಮಾತು ಹೇಳಿದರೆ ನಾನು ಒಂದನ್ನು ಆರಿಸಲಾಗದು, ವರದಿಯಲ್ಲಿ ಹೆಸರಿರುವ ಆ ಹೆಂಗಸು ಬದುಕಿದ್ದರೆ ಕರೆತನ್ನಿ, ಈಕೆ ನನ್ನ ಮಗಳಲ್ಲ ಎಂದು ಹೇಳಿಕೆ ಕೊಡಲಿ ಎಂದರು.

ಹುಮನಾಬಾದಿನ ಗಂಜ್ ಮಾರುಕಟ್ಟೆಯ ಹಿಂದೆ ಮಿಲಿಟರಿ ಡ್ರೈವರನ ಮನೆ ಎಂದು ಕೇಳಿದರೆ ಎಲ್ಲರೂ ತೋರಿಸಿದರು. ಡ್ರೈವರ್ ತೀರಿಕೊಂಡಿದ್ದ. ಬಾಗಿಲು ತೆರೆದವನು ಮಗ, ಗಂಜಿನಲ್ಲಿ ಕಾಳು ತೂಗುವವನು. ನಾನು ಕಾಗದ ತೋರಿಸಿದ್ದೇ ತಪ್ಪಾಯಿತು. ತನ್ನ ಅಪ್ಪನ ಹೆಸರಿನ ಕೆಳಗೆ ಒಬ್ಬ ಮಗಳು ಎಂದು ನೋಡಿದ್ದೇ ಅವನ ಮುಖ ಕಪ್ಪಿಟ್ಟಿತು. ಮನೆ ಜಾಗದಲ್ಲಿ ಪಾಲು ಕೇಳಲು ಬಂದಿದ್ದಾಳೆ ಎಂದುಕೊಂಡ. ಮಗಳಲ್ಲ ಎಂದು ಬರೆಸಿಕೊಳ್ಳಲೆಂದೇ ಬಂದೆ ಎಂದು ತಿಳಿಸಿ ಹೇಳುವಷ್ಟರಲ್ಲಿ ಬೆವರು ಕಿತ್ತು ಬಂತು. ಆಗ ಅವನು ಎಷ್ಟು ಹಗುರಾದನೆಂದರೆ, ನಾಳೆಯೇ ಅಮ್ಮಿಯನ್ನು ಕರೆತರುತ್ತೇನೆ, ಎಲ್ಲಿ ಬೇಕಾದರೂ ಸಹಿ ಹಾಕಿಸುತ್ತೇನೆ ಎಂದ.

ನಮ್ಮ ಮಾತು ಕೇಳಿಸಿಕೊಂಡು ಒಳಗಿನಿಂದ ಆಕೆ ಬಂದಳು. ಎತ್ತರದ ಮುದುಕಿ, ಕಣ್ಣಿಗೆ ಆಪರೇಷನ್ ಆದ ದಪ್ಪ ಕನ್ನಡಕ. ನನಗೆ ಆಕೆಯ ನೆನಪು ಒಂದಿಷ್ಟೂ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ.

"ಕಾಮಣಿ ಹೋತೇನು ನಿಂದು?" ಎಂದಳು. "ಹಳದಿ ಆಗಿದ್ದಿ ನೀ. ಬಿಸಲಾಗ ಹಿಡಕೊಂಡು ಕೂಡತಿದ್ದೆ. ಅಲ್ಲಿ ಬಿಸಲೇ ಇರ್ತಿದ್ದಿಲ್ಲ."

ಚಹಾ ಮಾಡಿದಳು, ಅವ್ವನ ಕ್ಷೇಮ ಕೇಳಿದಳು. ಮಗನ ಆತುರ ನೋಡಿದಳು. ಹೇಳಿಕೆಯ ಮಾತು ಬಂದಾಗ ಮಾತ್ರ ಕನ್ನಡಕದ ಹಿಂದಿನ ಕಣ್ಣು ಕೆಳಗಾಯಿತು. ಬರುತ್ತೇನೆ, ಏನು ಹೇಳಬೇಕೆಂಬುದನ್ನು ಅಲ್ಲಿಯೇ ನೋಡುತ್ತೇನೆ ಎಂದಳು. ಕೈಕಾಲು ಹಿಡಿದರೂ ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಹೆದ್ದಾರಿಯ ಬದಿಗೆ ಬಸ್ಸು ಕಾಯುತ್ತ ನಿಂತಾಗ ಕಾರ್ಖಾನೆಗಳ ಔಷಧಿ ವಾಸನೆ ಗಾಳಿಯಲ್ಲೆಲ್ಲ ತುಂಬಿತ್ತು. ಆಕೆ, ಇವಳು ನನ್ನ ಮಗಳೇ, ಎಂದುಬಿಟ್ಟರೆ ನನ್ನ ಕಥೆ ಮುಗಿಯಿತು.

ಮುಂದೆ ಕೆಲಸ ಉಳಿಯಿತು, ಪ್ರೊಬೇಷನ್ ಮುಗಿದ ಆದೇಶವೂ ಕೈಗೆ ಬಂತು. ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಾನು ಹೇಳಬೇಕೆಂದಿರುವುದು ಕೊನೆಯ ದಿನ ಶಿರಸ್ತೇದಾರರ ಮೇಜಿನ ಮುಂದೆ ಆದದ್ದು.

ಇಬ್ಬರು ಮುದುಕಿಯರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕುಳಿತರು. ಮೂವತ್ತೆಂಟು ವರ್ಷದ ಮೇಲೆ ಒಬ್ಬರನ್ನೊಬ್ಬರು ನೋಡಿದ್ದು. ಮಗ ಬಾಗಿಲಲ್ಲಿ ನಿಂತಿದ್ದ. ಶಿರಸ್ತೇದಾರರು ಬರೆದು ಓದಿ ಹೇಳಿದರು: ಸದರಿ ಮಹಿಳೆಯು ನನ್ನ ಮಗಳಲ್ಲ. ಪೆನ್ನನ್ನು ಆಕೆಯ ಕಡೆ ಚಾಚಿದರು. ಆಕೆ ಕೈ ಮುಂದೆ ತರಲಿಲ್ಲ. ಮಗ, ಅಮ್ಮಿ ಸಹಿ ಮಾಡು ಎಂದ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಬೇಡ ಎಂಬಂತೆ ತಲೆಯಾಡಿಸಿದಳು. ಆಗ ನನಗೆ ಅರ್ಥವಾಯಿತು. ಕೊಂಡವಳು ವಾಪಸು ಕೊಡುವ ಮೊದಲೇ ನನ್ನದಲ್ಲ ಎಂದರೆ ಮಗು ಉಳಿಯುವುದಿಲ್ಲ. ಇಬ್ಬರಿಗೂ ಅದೇ ಭಯ. ಇಷ್ಟು ವರ್ಷ ಮಂದಿಗೆ ಇದೆಲ್ಲ ಮೂಢನಂಬಿಕೆ ಎಂದು ಭಾಷಣ ಬಿಗಿದ ನನಗೂ ಆ ಭಯ ತಟ್ಟಿತು.

"ಹೆತ್ತಿಲ್ಲ ಅಂತ ಬರೀರಿ ಸಾಹೇಬ್ರ" ಎಂದಳು ಆಕೆ. "ಅದು ಖರೆ ಅದ, ಸಹಿ ಮಾಡ್ತೀನಿ. ನನ್ನ ಮಗಳಲ್ಲ ಅಂತ ನಾ ಹೇಳಂಗಿಲ್ಲ."

ಶಿರಸ್ತೇದಾರರು ಆ ಸಾಲನ್ನು ಹೊಡೆದುಹಾಕಿ, ಸದರಿ ಮಹಿಳೆಯನ್ನು ನಾನು ಹೆತ್ತಿರುವುದಿಲ್ಲ ಎಂದು ಬರೆದರು. ಆಕೆ ಉರ್ದುವಿನಲ್ಲಿ ನಿಧಾನವಾಗಿ ಸಹಿ ಮಾಡಿದಳು.

ಆಮೇಲೆ ಅವರು ಅವ್ವನ ಕಡೆ ತಿರುಗಿದರು. ನನ್ನನ್ನು ತೋರಿಸಿ, ಇವರು ನಿಮಗೆ ಏನಾಗಬೇಕು ಎಂದು ಕೇಳಿದರು. ಒಂದು ಮಾತಿನ ಪ್ರಶ್ನೆ. ಅವ್ವ ಸುಮ್ಮನೆ ಕುಳಿತಳು. ಅವರು ಮತ್ತೆ ಕೇಳಿದರು. ಆಕೆಯ ತುಟಿ ಅಲುಗಿತು, ಸದ್ದು ಬರಲಿಲ್ಲ. ಆ ಹೊತ್ತಿನಲ್ಲಿ ನನಗೆ ಹೊಳೆದದ್ದು ಇದು: ಬಂದವರಿಗೆ ನನ್ನನ್ನು ತೋರಿಸುವಾಗ ಅವ್ವ ನಮ್ಮ ಹುಡುಗಿ ಅಂದಿದ್ದಾಳೆ, ಸಿಸ್ಟರ್ ಬಾಯಿ ಅಂದಿದ್ದಾಳೆ, ತಮ್ಮನನ್ನು ತೋರಿಸಿ ಇವನ ಅಕ್ಕ ಅಂದಿದ್ದಾಳೆ. ನನ್ನ ಮಗಳು ಎಂದು ಒಬ್ಬರಿಗಾದರೂ ಹೇಳಿದ್ದನ್ನು ನಾನು ಕೇಳಿಯೇ ಇಲ್ಲ.

ಅವ್ವ ಬೆಂಚಿನ ಆ ತುದಿಗೆ ತಿರುಗಿದಳು.

"ಹೇಳ್ಲೇನವ್ವಾ?" ಎಂದು ಕೇಳಿದಳು.

"ಹೇಳು" ಎಂದಳು ಆಕೆ. "ನಾ ಕೊಟ್ಟೀನಿ."

"ನನ್ನ ಮಗಳರಿ" ಎಂದಳು ಅವ್ವ. ಶಿರಸ್ತೇದಾರರು ಬರೆದುಕೊಂಡರು. ಅವರು ಬರೆದು ಮುಗಿಸಿ ಪೆನ್ನಿನ ಮುಚ್ಚಳ ಹಾಕಿದ ಮೇಲೂ ಆಕೆ ಅದನ್ನೇ ಇನ್ನೂ ಎರಡು ಸಲ ಹೇಳಿದಳು.